ಹೊಟ್ಟೆಯ ಹಿತ್ತಿಲಲ್ಲಿ ಸದ್ದಿಲ್ಲದೆ ಬೆಳೆಯುವ ಗಡ್ಡೆ

ಕ್ಯಾನ್ಸರ್ ಅಂದ ಕೂಡಲೇ ನಮಗೆ ನೆನಪಾಗುವುದು ಒಂದು ಅಂಗದ ಹೆಸರು. ಬಾಯಿ ಕ್ಯಾನ್ಸರ್, ಸ್ತನ ಕ್ಯಾನ್ಸರ್, ಶ್ವಾಸಕೋಶದ ಕ್ಯಾನ್ಸರ್. ಇವತ್ತು ಈ ಸಭೆಯಲ್ಲಿ ನಾನು ಹೇಳಲು ಹೊರಟಿರುವ ಕಾಯಿಲೆಗೆ ಹಾಗೆ ಬೆರಳಿಟ್ಟು ತೋರಿಸಲು ಒಂದು ಅಂಗವೇ ಇಲ್ಲ. ಅದು ಹುಟ್ಟುವುದು ಕೊಬ್ಬಿನಲ್ಲಿ, ಹೊಟ್ಟೆಯ ಹಿಂಭಾಗದಲ್ಲಿ ಬೆನ್ನಿಗೆ ತಾಗಿಕೊಂಡು ಕಿಡ್ನಿಯ ಸುತ್ತ ಇರುವ ಕೊಬ್ಬಿನಲ್ಲಿ. ವೈದ್ಯರು ಇದನ್ನು ರೆಟ್ರೋಪೆರಿಟೋನಿಯಲ್ ಲೈಪೋಸಾರ್ಕೋಮಾ ಅನ್ನುತ್ತಾರೆ. ಹೆಸರು ಮರೆತರೂ ಚಿಂತೆಯಿಲ್ಲ. ಇದರ ಮೊದಲ ಆಪರೇಷನ್ ಎಲ್ಲಿ, ಹೇಗೆ, ಯಾವ ತಯಾರಿಯೊಂದಿಗೆ ಆಯಿತು ಎನ್ನುವುದರ ಮೇಲೆ ರೋಗಿಯ ಮುಂದಿನ ದಾರಿಯೆಲ್ಲ ನಿಂತಿದೆ ಅನ್ನುವುದೊಂದನ್ನು ಮಾತ್ರ ಮರೆಯಬೇಡಿ.

ನಾನು ಪೆಥಾಲಜಿಸ್ಟ್. ನಿಮ್ಮ ನಾಡಿ ಹಿಡಿದು ಮಾತಾಡಿಸುವ ಡಾಕ್ಟರ್ ನಾನಲ್ಲ. ಆಪರೇಷನ್ ಥಿಯೇಟರಿನಿಂದ ಡಬ್ಬಿಯಲ್ಲಿ ಬರುವ ಗಡ್ಡೆಯನ್ನು ಕೊಯ್ದು, ಮೈಕ್ರೋಸ್ಕೋಪಿನಲ್ಲಿ ನೋಡಿ, ಅದೇನು ಅಂತ ಬರೆದುಕೊಡುವುದು ನನ್ನ ಕೆಲಸ. ಹಾಗಾಗಿ ಈ ಕಾಯಿಲೆಯನ್ನು ನಾನು ನೋಡಿದ ಕಡೆಯಿಂದಲೇ ಹೇಳುತ್ತೇನೆ.

ಮೊದಲು ಸಾರ್ಕೋಮಾ ಅಂದರೆ ಏನು ಅಂತ ನೋಡೋಣ. ಸಾಮಾನ್ಯವಾಗಿ ನಾವು ಕೇಳುವ ಕ್ಯಾನ್ಸರ್‌ಗಳು ಅಂಗಗಳ ಒಳಪದರದಲ್ಲಿ, ಗ್ರಂಥಿಗಳಲ್ಲಿ ಹುಟ್ಟುತ್ತವೆ. ಮಾಂಸಖಂಡ, ಕೊಬ್ಬು, ನರ, ರಕ್ತನಾಳ ಇವುಗಳನ್ನೆಲ್ಲ ಒಟ್ಟಾಗಿ ಮೃದು ಅಂಗಾಂಶ ಅನ್ನುತ್ತೇವೆ. ಅಲ್ಲಿ ಹುಟ್ಟುವ ಕ್ಯಾನ್ಸರ್ ಸಾರ್ಕೋಮಾ. ವಯಸ್ಕರ ಕ್ಯಾನ್ಸರ್‌ಗಳಲ್ಲಿ ಇದು ನೂರಕ್ಕೆ ಒಂದರ ಆಸುಪಾಸು. ಆ ಒಂದರಲ್ಲೇ 70ಕ್ಕೂ ಹೆಚ್ಚು ಬಗೆಗಳಿವೆ. ಹೆಚ್ಚಿನವು ಕೈಕಾಲುಗಳಲ್ಲಿ, ಅದರಲ್ಲೂ ತೊಡೆಯಲ್ಲಿ ಕಾಣಿಸಿಕೊಳ್ಳುತ್ತವೆ. ಹೊಟ್ಟೆಯ ಹಿಂಭಾಗದಲ್ಲಿ ಹುಟ್ಟುವುದು ಶೇಕಡಾ 10ರಿಂದ 15 ಮಾತ್ರ. ಲೆಕ್ಕ ಹಾಕಿದರೆ ಲಕ್ಷ ಜನರಲ್ಲಿ ವರ್ಷಕ್ಕೆ ಹೆಚ್ಚೆಂದರೆ ಒಬ್ಬರು. ತಾಲ್ಲೂಕಿನಲ್ಲಿ ದುಡಿಯುವ ಒಬ್ಬ ಒಳ್ಳೆಯ ಸರ್ಜನ್ ತಮ್ಮ ಇಡೀ ಸೇವಾವಧಿಯಲ್ಲಿ ಇಂಥದ್ದನ್ನು ಬೆರಳೆಣಿಕೆಯಷ್ಟು ಸಲ ನೋಡಿರಬಹುದು. ಇದನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ಈಗ ಜಾಗದ ವಿಚಾರ. ನಮ್ಮ ಹೊಟ್ಟೆಯೊಳಗೆ ಪೆರಿಟೋನಿಯಂ ಎಂಬ ತೆಳುವಾದ ಪೊರೆಯ ಚೀಲವಿದೆ. ಜಠರ, ಸಣ್ಣ ಕರುಳು, ಪಿತ್ತಜನಕಾಂಗ ಎಲ್ಲ ಆ ಪೊರೆಯ ಆಸರೆಯಲ್ಲಿವೆ. ಈ ಚೀಲದ ಹಿಂದೆ, ಬೆನ್ನೆಲುಬಿನ ಮುಂದೆ ಇನ್ನೊಂದು ವಿಶಾಲವಾದ ಜಾಗವಿದೆ. ಅದನ್ನು ಮನೆಯ ಹಿತ್ತಿಲು ಅಂದುಕೊಳ್ಳಿ: ಬಂದ ನೆಂಟರು ಅಲ್ಲಿಗೆ ಹೋಗುವುದಿಲ್ಲ, ಮನೆಯವರೂ ದಿನಾ ಇಣುಕುವುದಿಲ್ಲ. ಎರಡು ಕಿಡ್ನಿ, ಅವುಗಳ ಮೇಲಿನ ಅಡ್ರಿನಲ್ ಗ್ರಂಥಿ, ಮೇದೋಜೀರಕ ಗ್ರಂಥಿಯ ಬಹುಪಾಲು, ಹೃದಯದಿಂದ ಇಳಿಯುವ ಮಹಾಪಧಮನಿ, ಹೃದಯಕ್ಕೆ ರಕ್ತ ಏರಿಸುವ ಮಹಾಸಿರೆ, ದೊಡ್ಡ ಕರುಳಿನ ಎಡಬಲದ ಭಾಗಗಳು ಇರುವುದು ಅಲ್ಲೇ. ನಡುವೆ ಬೇಕಾದಷ್ಟು ಕೊಬ್ಬು, ಬೇಕಾದಷ್ಟು ಜಾಗ. ಗಡ್ಡೆ ಬೆಳೆದರೆ ತಡೆಯಲು ಅಲ್ಲಿ ಎಲುಬಿನ ಗೋಡೆಯಿಲ್ಲ. ಕರುಳನ್ನು ಮುಂದಕ್ಕೆ ಸರಿಸುತ್ತದೆ, ಕಿಡ್ನಿಯನ್ನು ಪಕ್ಕಕ್ಕೆ ತಳ್ಳುತ್ತದೆ. ತಳ್ಳಿಸಿಕೊಂಡ ಅಂಗಗಳು ಬಹುಕಾಲ ತಮ್ಮ ಕೆಲಸ ಮಾಡುತ್ತಲೇ ಇರುತ್ತವೆ. ಪತ್ತೆಯಾಗುವ ಹೊತ್ತಿಗೆ ಗಡ್ಡೆ 15–20 ಸೆಂಟಿಮೀಟರ್ ದಾಟಿರುವುದು ಇಲ್ಲಿ ಸಾಮಾನ್ಯ. 10 ಕಿಲೋಗಿಂತ ಭಾರದವೂ ವರದಿಯಾಗಿವೆ.

ಇದು ಹೊಸ ಕಾಯಿಲೆಯಲ್ಲ. ಇಟಲಿಯ ಪಡುವಾದಲ್ಲಿದ್ದ ಮೊರ್ಗಾಗ್ನಿ, ನಮ್ಮ ಶಾಸ್ತ್ರಕ್ಕೇ ತಳಹದಿ ಹಾಕಿದವರು, 1761ರಷ್ಟು ಹಿಂದೆಯೇ ಶವಪರೀಕ್ಷೆಯಲ್ಲಿ ಕಂಡ ಇಂಥ ಕೊಬ್ಬಿನ ಗಡ್ಡೆಯನ್ನು ವಿವರಿಸಿದ್ದರು. ಆಗ ಇದನ್ನು ನೋಡಲು ಸಾವಿನ ತನಕ ಕಾಯಬೇಕಿತ್ತು. ಈಗ ಸಿಟಿ ಸ್ಕ್ಯಾನ್ ಇದೆ, ಜಿಲ್ಲಾ ಆಸ್ಪತ್ರೆಗಳಲ್ಲೂ ಇದೆ. ಆದರೂ ತಡವಾಗುತ್ತದೆ.

ಯಾಕೆ ತಡವಾಗುತ್ತದೆ ಅಂತ ಹೇಳಲು ಒಬ್ಬ ರೋಗಿಯ ಚಿತ್ರ ಕೊಡುತ್ತೇನೆ. ಇದು ಒಬ್ಬರದೇ ಕಥೆಯಲ್ಲ, ಹಲವರದನ್ನು ಸೇರಿಸಿ ಹೇಳುತ್ತಿದ್ದೇನೆ. ವಯಸ್ಸು 55–60. ಹೊಟ್ಟೆ ನಿಧಾನವಾಗಿ ಮುಂದೆ ಬರುತ್ತಿದೆ. ಬೆಲ್ಟಿನ ತೂತು ಒಂದೊಂದೇ ಸಡಿಲವಾಗುತ್ತ ಹೋಗುತ್ತದೆ. "ಕೂತು ತಿಂದು ಹೊಟ್ಟೆ ಬಂತು" ಅಂತ ಮನೆಯವರು ಅನ್ನುತ್ತಾರೆ. ನಾಲ್ಕು ತುತ್ತು ಉಂಡರೆ ಹೊಟ್ಟೆ ತುಂಬಿದಂತಾಗುತ್ತದೆ, ಗ್ಯಾಸ್ ಅಂತ ಮಾತ್ರೆ ನುಂಗುತ್ತಾರೆ. ಹತ್ತಿರದಿಂದ ನೋಡಿದರೆ ಬೇರೆಯೇ ಒಂದು ಸಂಗತಿ ಕಾಣುತ್ತದೆ. ಹೊಟ್ಟೆ ಬೆಳೆಯುತ್ತಿದೆ, ಆದರೆ ತೋಳು ಸೊರಗಿದೆ, ಶರ್ಟಿನ ಭುಜ ಜೋತುಬಿದ್ದಿದೆ, ಕೈಗಡಿಯಾರ ಮಣಿಕಟ್ಟಿನಲ್ಲಿ ಜಾರುತ್ತಿದೆ. ತೂಕದ ಯಂತ್ರ ಮೊದಲಿನಷ್ಟೇ ತೋರಿಸುತ್ತದೆ, ಯಾಕೆಂದರೆ ದೇಹ ಕಳೆದುಕೊಂಡದ್ದನ್ನು ಗಡ್ಡೆ ಸೇರಿಸಿರುತ್ತದೆ. ಮನೆಯಲ್ಲಿ ಯಾರಿಗಾದರೂ ಹೀಗೆ ಹೊಟ್ಟೆ ಉಬ್ಬುತ್ತ ಮೈ ಇಳಿಯುತ್ತಿದ್ದರೆ ದಯವಿಟ್ಟು ಸ್ಕ್ಯಾನ್ ಮಾಡಿಸಿ. ಕಾರಣ ಈ ಕಾಯಿಲೆಯೇ ಆಗಿರಬೇಕಿಲ್ಲ. ಲಿವರ್ ತೊಂದರೆಯೋ, ಅಂಡಾಶಯದ ಗಡ್ಡೆಯೋ ಇರಬಹುದು. ಯಾವುದಾದರೂ ಅದು ಗ್ಯಾಸ್ ಮಾತ್ರೆಗೆ ಹೋಗುವಂಥದ್ದಲ್ಲ.

ಕೆಲವರಲ್ಲಿ ಒಂದೇ ಕಾಲು ಊದಿಕೊಳ್ಳುತ್ತದೆ, ಸಿರೆಯ ಮೇಲೆ ಒತ್ತಡ ಬಿದ್ದು. ಗಂಡಸರಲ್ಲಿ ಇನ್ನೊಂದು ಮೋಸದ ದಾರಿಯಿದೆ. ಹಿಂದಿನ ಕೊಬ್ಬಿನ ಗಡ್ಡೆ ತೊಡೆಸಂದಿಯ ಕಾಲುವೆಯಲ್ಲಿ ಇಳಿದು ಬಂದು ಹರ್ನಿಯಾದಂತೆ ಕಾಣಿಸುತ್ತದೆ. ಹರ್ನಿಯಾ ಆಪರೇಷನ್ ಮಾಡುವಾಗ ಎಂದಿಗಿಂತ ಗಟ್ಟಿಯಾದ, ಎಳೆದಷ್ಟೂ ಬರುವ ಕೊಬ್ಬು ಕಂಡರೆ ಅದನ್ನು ಬುಟ್ಟಿಗೆ ಹಾಕದೆ ನಮಗೆ ಕಳಿಸಿ ಅಂತ ಕಿರಿಯ ಸರ್ಜನ್‌ಗಳಿಗೆ ನಾನು ಪ್ರತಿ ವರ್ಷ ಹೇಳುತ್ತೇನೆ. ಹಾಗೆ ಬಂದ ಒಂದು ಹಿಡಿ ಕೊಬ್ಬಿನಿಂದ ಒಳಗಿನ ದೊಡ್ಡ ಗಡ್ಡೆ ಪತ್ತೆಯಾದದ್ದುಂಟು.

ಇಲ್ಲಿ ನಿಮಗೊಂದು ಭಯ ಹುಟ್ಟಿರಬಹುದು. ತೋಳಿನಲ್ಲೋ ಬೆನ್ನಿನಲ್ಲೋ ಚರ್ಮದಡಿ ಮೆತ್ತಗೆ ಜಾರುವ ಕೊಬ್ಬಿನ ಗಂಟು ನಿಮ್ಮಲ್ಲಿ ಹಲವರಿಗೆ ಇರುತ್ತದೆ. ಅದು ಲೈಪೋಮಾ, ನಿರುಪದ್ರವಿ. ಅದು ಕ್ಯಾನ್ಸರಾಗಿ ತಿರುಗುತ್ತದೆ ಅಂತ ನಿದ್ದೆ ಕೆಡಿಸಿಕೊಳ್ಳಬೇಡಿ. ಗಂಟು 5 ಸೆಂಟಿಮೀಟರ್ ದಾಟಿದ್ದರೆ, ಮಾಂಸದೊಳಗೆ ಆಳದಲ್ಲಿದ್ದರೆ, ಬೇಗ ಬೆಳೆಯುತ್ತಿದ್ದರೆ ತೋರಿಸಿ, ಅಷ್ಟೇ. ಹೊಟ್ಟೆಯ ಹಿಂಭಾಗದ ಲೆಕ್ಕವೇ ಬೇರೆ. ಅಲ್ಲಿ ನಿಜವಾದ ಲೈಪೋಮಾ ಎಷ್ಟು ಅಪರೂಪವೆಂದರೆ, ಸ್ಕ್ಯಾನಿನಲ್ಲಿ ದೊಡ್ಡ ಕೊಬ್ಬಿನ ಗಡ್ಡೆ ಕಂಡರೆ ಅದು ಲೈಪೋಸಾರ್ಕೋಮಾ ಅಂದುಕೊಂಡೇ ಮುಂದುವರಿಯಬೇಕು. "ಬರೀ ಕೊಬ್ಬು, ಏನಾಗಲ್ಲ" ಅನ್ನುವ ಸಮಾಧಾನ ಆ ಜಾಗದಲ್ಲಿ ಸಲ್ಲದು.

ಇನ್ನು ನನ್ನ ಮೇಜಿಗೆ ಬನ್ನಿ. ಗಡ್ಡೆ, ಕೆಡದಂತೆ ಕಾಪಾಡುವ ಫಾರ್ಮಲಿನ್ ದ್ರವ ತುಂಬಿದ ದೊಡ್ಡ ಬಕೆಟ್ಟಿನಲ್ಲಿ ಬರುತ್ತದೆ. ಸರ್ಜನ್ ಹಾಕಿರುವ ದಾರದ ಗುರುತು ನೋಡಿ ಯಾವುದು ಮೇಲೆ, ಯಾವುದು ಬೆನ್ನಿನ ಕಡೆ ಅಂತ ತಿಳಿದುಕೊಳ್ಳುತ್ತೇವೆ. ತೂಗುತ್ತೇವೆ, ಅಳೆಯುತ್ತೇವೆ. ಹೊರಮೈಗೆ ಶಾಯಿ ಬಳಿಯುತ್ತೇವೆ. ಕಪ್ಪು, ನೀಲಿ, ಹಸಿರು, ಒಂದೊಂದು ಕಡೆಗೆ ಒಂದೊಂದು ಬಣ್ಣ. ಕೊಯ್ದ ಅಂಚು ಯಾವುದು ಅಂತ ಆಮೇಲೆ ಮೈಕ್ರೋಸ್ಕೋಪಿನಲ್ಲಿ ಗುರುತು ಸಿಗಬೇಕಲ್ಲ, ಅದಕ್ಕೆ. ನಂತರ ಉದ್ದನೆಯ ಚೂರಿಯಿಂದ ಹೋಳು ಮಾಡುತ್ತೇವೆ. ಒಳಗೆ ಹಳದಿ ಕೊಬ್ಬು, ನಡುವೆ ಬಿಳಿ ನಾರಿನ ಗೆರೆಗಳು. ಕಿಡ್ನಿ ಅದರ ನಡುವೆ ಹುದುಗಿರುತ್ತದೆ. ಅದರ ಮೇಲಿನ ಪೊರೆ ನುಣುಪಾಗಿ ಹೊಳೆಯುತ್ತಿರುತ್ತದೆ, ಎಷ್ಟೋ ಸಲ ಕಿಡ್ನಿಗೆ ಏನೂ ಆಗಿರುವುದಿಲ್ಲ. ಹೀಗೆ ಕೊಯ್ಯುತ್ತ ಹೋಗುವಾಗ ಚೂರಿಗೆ ಗಟ್ಟಿಯಾಗಿ ಸಿಗುವ, ಬೂದುಬಿಳಿ ಬಣ್ಣದ ಒಂದು ಜಾಗ ಎದುರಾಗುತ್ತದೆ. ಆ ಜಾಗ ಕಂಡರೆ ನನ್ನ ಕೈ ನಿಧಾನವಾಗುತ್ತದೆ.

ಕಾರಣ ಹೇಳುತ್ತೇನೆ. ಹಳದಿ ಭಾಗವನ್ನು ವೆಲ್-ಡಿಫರೆನ್ಷಿಯೇಟೆಡ್ ಅನ್ನುತ್ತೇವೆ, ಸಾಮಾನ್ಯ ಕೊಬ್ಬನ್ನೇ ಹೋಲುವಂಥದ್ದು. ಅದು ಬೇರೆ ಅಂಗಕ್ಕೆ ಹರಡುವುದಿಲ್ಲ ಅಂತಲೇ ಹೇಳಬಹುದು. ತೆಗೆದ ಜಾಗದಲ್ಲೇ ಮತ್ತೆ ಮತ್ತೆ ಹುಟ್ಟುತ್ತದೆ, ಅದೇ ಅದರ ಅಪಾಯ. ಬೂದುಬಿಳಿ ಭಾಗ ಡಿಡಿಫರೆನ್ಷಿಯೇಟೆಡ್. ಅಲ್ಲಿನ ಜೀವಕೋಶಗಳು ಕೊಬ್ಬಿನ ಲಕ್ಷಣವನ್ನೇ ಬಿಟ್ಟು ಒರಟಾಗಿ, ವೇಗವಾಗಿ ಬೆಳೆಯುತ್ತಿರುತ್ತವೆ. ಇಂಥ ರೋಗಿಗಳಲ್ಲಿ ಶೇಕಡಾ 15–20 ಜನರಿಗೆ ಅದು ಶ್ವಾಸಕೋಶಕ್ಕೋ ಬೇರೆಡೆಗೋ ಹರಡುತ್ತದೆ. ಆದ್ದರಿಂದ ಗಡ್ಡೆಯ ಅಗಲದ ಪ್ರತಿ ಸೆಂಟಿಮೀಟರಿಗೆ ಒಂದಾದರೂ ತುಣುಕು ತೆಗೆದು ನೋಡುತ್ತೇವೆ. 25 ಸೆಂಟಿಮೀಟರಿನ ಗಡ್ಡೆಯಲ್ಲಿ ಒಂದು ಸಣ್ಣ ಬೂದು ಜಾಗ ತಪ್ಪಿಸಿಕೊಂಡರೆ ವರದಿಯೇ ತಪ್ಪಾಗುತ್ತದೆ.

ಹಳದಿ ಭಾಗವನ್ನು ಮೈಕ್ರೋಸ್ಕೋಪಿನಲ್ಲಿ ಗುರುತಿಸುವುದೂ ಸುಲಭವಲ್ಲ. ಸ್ಲೈಡಿನ ತುಂಬ ಮಾಮೂಲಿ ಕೊಬ್ಬಿನ ಕೋಶಗಳೇ. ನಾರಿನ ಗೆರೆಗಳೊಳಗೆ ಅಲ್ಲೊಂದು ಇಲ್ಲೊಂದು ದೊಡ್ಡದಾದ, ಕಡುಗಪ್ಪಾದ ನ್ಯೂಕ್ಲಿಯಸ್ ಇರುವ ಕೋಶ. ಅದನ್ನು ಹುಡುಕುತ್ತ ಕೂರಬೇಕು. ಈಗ ನಮಗೆ ಒಂದು ಗಟ್ಟಿಯಾದ ಸಾಕ್ಷಿ ಸಿಕ್ಕಿದೆ. 12ನೇ ಕ್ರೋಮೋಸೋಮಿನಲ್ಲಿ ಎಂಡಿಎಂ2 ಎಂಬ ಜೀನ್ ಇದೆ. ಪ್ರತಿ ಜೀವಕೋಶದಲ್ಲೂ ಅದರ ಎರಡು ಪ್ರತಿಗಳಿರಬೇಕು. ಈ ಕ್ಯಾನ್ಸರಿನಲ್ಲಿ ಅದು ಹತ್ತಾರು ಪಟ್ಟು ಹೆಚ್ಚಿರುತ್ತದೆ. ಫಿಶ್ ಎಂಬ ಪರೀಕ್ಷೆಯಲ್ಲಿ ಆ ಜೀನಿಗೆ ಹೊಳೆಯುವ ಬಣ್ಣ ಅಂಟಿಸಿ ಕತ್ತಲೆ ಕೋಣೆಯಲ್ಲಿ ನೋಡುತ್ತೇವೆ. ಆರೋಗ್ಯವಂತ ಕೋಶದಲ್ಲಿ ಎರಡು ಚುಕ್ಕಿ ಕಾಣುತ್ತವೆ, ಇಲ್ಲಿ ಎಣಿಸಲಾರದಷ್ಟು ಚುಕ್ಕಿಗಳು ಗುಂಪುಗುಂಪಾಗಿ ಹೊಳೆಯುತ್ತವೆ. ಈ ಜೀನಿನಿಂದ ತಯಾರಾಗುವ ಪ್ರೋಟೀನ್ ಪಿ53 ಎಂಬ ಕಾವಲು ಪ್ರೋಟೀನನ್ನು ಕಟ್ಟಿಹಾಕುತ್ತದೆ. ಕಾವಲು ತಪ್ಪಿದ ಕೋಶ ಸಾಯಬೇಕಾದಾಗ ಸಾಯದೆ ಬೆಳೆಯುತ್ತಲೇ ಇರುತ್ತದೆ.

"ಕೊಬ್ಬು ಜಾಸ್ತಿ ತಿಂದದ್ದಕ್ಕೆ ಬಂತೇ?" ಅಂತ ಮುಂದಿನ ಸಾಲಿನಲ್ಲಿರುವ ತಾಯಿಯೊಬ್ಬರು ಕೇಳುತ್ತಿದ್ದಾರೆ. ಇಲ್ಲಮ್ಮ. ತುಪ್ಪ, ಬೆಣ್ಣೆ, ಕರಿದ ತಿಂಡಿಗೂ ಈ ಜೀನಿಗೂ ಸಂಬಂಧವಿಲ್ಲ. ಬೀಡಿ ಸಿಗರೇಟಿನಂಥ ಒಂದು ಚಟವನ್ನೂ ಇದಕ್ಕೆ ಕಾರಣ ಅಂತ ತೋರಿಸಲಾಗದು. ತಂದೆತಾಯಿಯಿಂದ ಮಕ್ಕಳಿಗೆ ಹೋಗುವ ಕಾಯಿಲೆಯೂ ಸಾಮಾನ್ಯವಾಗಿ ಇದಲ್ಲ. ರೋಗಿಯನ್ನು ಕೂರಿಸಿಕೊಂಡು "ನೀನು ಹಾಗೆ ಮಾಡಿದ್ದಕ್ಕೇ ಹೀಗಾಯಿತು" ಅಂತ ಹೇಳುವ ಹಕ್ಕು ಯಾರಿಗೂ ಇಲ್ಲ.

ಇನ್ನು ಸೂಜಿಯ ಭಯ. "ಗಡ್ಡೆಗೆ ಕಬ್ಬಿಣ ತಾಗಿಸಬಾರದು, ತಾಗಿಸಿದರೆ ಕೆರಳುತ್ತದೆ" ಅನ್ನುವ ಮಾತು ನಮ್ಮ ಊರುಗಳಲ್ಲಿ ಬಲವಾಗಿದೆ. ಇದನ್ನು ನಾನು ಮೂಢನಂಬಿಕೆ ಅಂತ ತಳ್ಳಿಹಾಕುವುದಿಲ್ಲ, ಇದರಲ್ಲಿ ಅರ್ಧ ಸತ್ಯವಿದೆ. ಸಾರ್ಕೋಮಾವನ್ನು ಏನು ಅಂತ ತಿಳಿಯದೆ ಹೊಟ್ಟೆ ತೆರೆದು, ಒಂದು ಚೂರು ಕೊಯ್ದು, ಹಾಗೇ ಮುಚ್ಚಿದರೆ ಕೋಶಗಳು ಹೊಟ್ಟೆಯೊಳಗೆ ಚೆಲ್ಲುತ್ತವೆ. ಗಡ್ಡೆಯನ್ನು ತುಂಡುತುಂಡಾಗಿ ಎಳೆದು ತೆಗೆದರೂ ಅದೇ ಗತಿ. ಆ ಭಯ ನ್ಯಾಯವಾದದ್ದು. ಆದರೆ ಸಿಟಿ ಸ್ಕ್ಯಾನ್ ನೋಡುತ್ತ, ಬೆನ್ನಿನ ಅಥವಾ ಪಕ್ಕೆಯ ಕಡೆಯಿಂದ, ಹೊಟ್ಟೆಯ ಚೀಲವನ್ನು ಮುಟ್ಟದೆ, ಒಂದು ಕೊಳವೆಯೊಳಗಿಂದ ದಪ್ಪ ಸೂಜಿ ಹಾಕಿ ತೆಗೆಯುವ ಕೋರ್ ಬಯಾಪ್ಸಿ ಬೇರೆ. ಅದರಿಂದ ಕ್ಯಾನ್ಸರ್ ಹರಡುವ ಸಾಧ್ಯತೆ ತೀರಾ ಕಡಿಮೆ, ಅದರಿಂದಾಗುವ ಉಪಕಾರ ತುಂಬಾ ದೊಡ್ಡದು.

ಉಪಕಾರ ಯಾಕೆ ಅಂದರೆ, ಆ ಜಾಗದಲ್ಲಿ ಬೆಳೆಯುವುದೆಲ್ಲ ಸಾರ್ಕೋಮಾ ಅಲ್ಲ. ಲಿಂಫೋಮಾ ಎಂಬ ದುಗ್ಧಗ್ರಂಥಿಗಳ ಕ್ಯಾನ್ಸರ್ ಇರಬಹುದು, ಅದಕ್ಕೆ ಬೇಕಾದದ್ದು ಔಷಧಿ, ಚೂರಿಯಲ್ಲ. ಯುವಕರಲ್ಲಿ ವೃಷಣದ ಕ್ಯಾನ್ಸರ್ ಅಲ್ಲಿನ ದುಗ್ಧಗ್ರಂಥಿಗಳಿಗೆ ಹರಡಿರಬಹುದು. ಅದು ಕಿಮೋಥೆರಪಿಯಿಂದ ಬಹುಪಾಲು ಪೂರ್ತಿ ಗುಣವಾಗುವ ಕಾಯಿಲೆ, ರಕ್ತದಲ್ಲಿ ಎಎಫ್‌ಪಿ, ಎಚ್‌ಸಿಜಿ ಎಂಬ ಅಂಶಗಳನ್ನು ನೋಡಿದರೆ ಸುಳಿವು ಸಿಗುತ್ತದೆ. ಕಿಡ್ನಿಯಿಂದಲೇ ಹುಟ್ಟುವ ಆಂಜಿಯೋಮಯೋಲೈಪೋಮಾ ಎಂಬ, ಕ್ಯಾನ್ಸರಲ್ಲದ ಕೊಬ್ಬಿನ ಗಡ್ಡೆಯೂ ಇದೆ. ಇವಕ್ಕೆಲ್ಲ ಒಂದೇ ಆಪರೇಷನ್ ಮಾಡಲು ಬರುತ್ತದೆಯೇ? ಲೈಪೋಸಾರ್ಕೋಮಾಕ್ಕೆ ಮಾತ್ರ ರಕ್ತಪರೀಕ್ಷೆಯಲ್ಲಿ ಯಾವ ಸುಳಿವೂ ಇಲ್ಲ. ರಕ್ತದ ವರದಿ ಎಲ್ಲ ಸರಿಯಿದೆ ಅಂತ ಯಾರೂ ನೆಮ್ಮದಿಯಾಗಬಾರದು.

ಈಗ ಮೊದಲ ಆಪರೇಷನ್. ಈ ಗಡ್ಡೆ ಎಲ್ಲಿ ಮುಗಿಯಿತು, ಒಳ್ಳೆಯ ಕೊಬ್ಬು ಎಲ್ಲಿ ಶುರುವಾಯಿತು ಅಂತ ಸರ್ಜನ್‌ಗೆ ಕಣ್ಣಿನಲ್ಲೂ ಕಾಣುವುದಿಲ್ಲ, ಕೈಗೂ ತಿಳಿಯುವುದಿಲ್ಲ. ಎರಡೂ ಹಳದಿ, ಎರಡೂ ಮೆತ್ತಗೆ. ಗಡ್ಡೆಯ ಅಂಚಿಗೆ ಅಂಟಿಕೊಂಡು ಸುಲಿದು ತೆಗೆದರೆ ಒಂದಿಷ್ಟು ಉಳಿದೇ ಉಳಿಯುತ್ತದೆ. ಆದ್ದರಿಂದ ಆ ಬದಿಯ ಕೊಬ್ಬಿನೊಂದಿಗೆ ಕಿಡ್ನಿ, ಪಕ್ಕದ ದೊಡ್ಡ ಕರುಳು, ಬೆನ್ನೆಲುಬಿನ ಪಕ್ಕದ ಸೋಯಸ್ ಸ್ನಾಯುವಿನ ಪದರ, ಎಡಗಡೆಯಾದರೆ ಕೆಲವೊಮ್ಮೆ ಗುಲ್ಮ ಮತ್ತು ಮೇದೋಜೀರಕದ ಬಾಲ, ಎಲ್ಲವನ್ನೂ ಒಂದೇ ಇಡಿಯಾಗಿ ತೆಗೆಯಬೇಕಾಗುತ್ತದೆ. ರೋಗಿಯ ಮಗ ಬಂದು, "ಕಿಡ್ನಿ ಚೆನ್ನಾಗಿದೆ ಅಂತ ನೀವೇ ವರದಿಯಲ್ಲಿ ಬರೆದಿದ್ದೀರಿ, ಮತ್ತೆ ಯಾಕೆ ತೆಗೆದರು?" ಅಂತ ನೊಂದು ಕೇಳುವುದುಂಟು. ಕೇಳಬೇಕಾದ ಪ್ರಶ್ನೆಯೇ. ಕಿಡ್ನಿ ಚೆನ್ನಾಗಿತ್ತು, ಅದರ ಸುತ್ತಲಿನ ಕೊಬ್ಬು ಚೆನ್ನಾಗಿರಲಿಲ್ಲ. ಅದೊಂದನ್ನೇ ಸುಲಿದು ತೆಗೆದು ಕಿಡ್ನಿಯನ್ನು ಬಿಟ್ಟರೆ ಕಾಯಿಲೆಯನ್ನೂ ಬಿಟ್ಟಂತೆ. ಇನ್ನೊಂದು ಕಿಡ್ನಿ ಸರಿಯಾಗಿ ಕೆಲಸ ಮಾಡುತ್ತಿದೆಯೇ ಅಂತ ಮೊದಲೇ ಸ್ಕ್ಯಾನ್ ಮಾಡಿ ಖಚಿತಪಡಿಸಿಕೊಳ್ಳುತ್ತಾರೆ.

ಹೀಗೆ ಅಗಲವಾಗಿ ತೆಗೆಯುವ ಪದ್ಧತಿಯನ್ನು ಫ್ರಾನ್ಸಿನಲ್ಲಿ ಬೊನ್ವಾಲೊ, ಇಟಲಿಯ ಮಿಲಾನಿನಲ್ಲಿ ಗ್ರೊಂಕಿ ಎಂಬ ಸರ್ಜನ್‌ಗಳು ಮುಂದಿಟ್ಟರು. 2009ರಲ್ಲಿ ಅವರಿಬ್ಬರ ವರದಿಗಳು ಬಂದಾಗ ದೊಡ್ಡ ಚರ್ಚೆಯೇ ನಡೆಯಿತು. ಒಳ್ಳೆಯ ಅಂಗಗಳನ್ನು ತೆಗೆಯುವುದು ಸರಿಯೇ ಅಂತ ಅನೇಕರು ಕೇಳಿದರು. ಈಗ ಒಪ್ಪಿಗೆ ಹೆಚ್ಚಾಗಿದೆ, ಆದರೆ ಯಾವ ಅಂಗ ಬಿಡಬೇಕು, ಯಾವುದನ್ನು ತೆಗೆಯಬೇಕು ಅನ್ನುವುದು ಪ್ರತಿ ರೋಗಿಗೂ ಬೇರೆ. ತೊಡೆಗೆ ಹೋಗುವ ಮುಖ್ಯ ನರವನ್ನೋ ಮಹಾಸಿರೆಯನ್ನೋ ಸುಮ್ಮನೆ ತೆಗೆದುಹಾಕಲಾಗದು. ಈ ತೀರ್ಮಾನಕ್ಕೆ ಅನುಭವ ಬೇಕು. ಆಗಲೇ ಹೇಳಿದ ಬೆರಳೆಣಿಕೆಯ ಲೆಕ್ಕ ನೆನಪಿಸಿಕೊಳ್ಳಿ. ಇದು ಸರ್ಜನ್‌ರ ಕೈಚಳಕದ ಪ್ರಶ್ನೆಯಲ್ಲ, ಇಂಥದ್ದನ್ನು ಎಷ್ಟು ಸಲ ನೋಡಿದ್ದಾರೆ ಅನ್ನುವ ಪ್ರಶ್ನೆ. ರೇಡಿಯಾಲಜಿಸ್ಟ್, ಸರ್ಜನ್, ಮೆಡಿಕಲ್ ಆಂಕಾಲಜಿಸ್ಟ್, ರೇಡಿಯೇಷನ್ ತಜ್ಞರು, ನಮ್ಮಂಥವರು ಒಂದೇ ಕೋಣೆಯಲ್ಲಿ ಕೂತು ಚರ್ಚಿಸುವ ಟ್ಯೂಮರ್ ಬೋರ್ಡ್ ಇರುವ ಕಡೆ ಇದು ಆಗಬೇಕು. ಬೆಂಗಳೂರಿನ ಕಿದ್ವಾಯಿ, ಮುಂಬೈನ ಟಾಟಾ ಮೆಮೋರಿಯಲ್‌ನಂಥ ಕ್ಯಾನ್ಸರ್ ಆಸ್ಪತ್ರೆಗಳು ಇರುವುದೇ ಇದಕ್ಕೆ. ಗಡ್ಡೆ ಎಷ್ಟೋ ತಿಂಗಳಿಂದ ಬೆಳೆದಿರುತ್ತದೆ. ಸರಿಯಾದ ಜಾಗಕ್ಕೆ ಹೋಗಲು ಎರಡು ಮೂರು ವಾರ ಹಿಡಿದರೆ ನಷ್ಟವಿಲ್ಲ. ನಾಳೆ ಬೆಳಿಗ್ಗೆಯೇ ತೆಗೆಯುತ್ತೇವೆ ಅಂತ ಹೇಳಿದ ಕಡೆ ಅರ್ಧ ತೆಗೆಸಿಕೊಂಡು ಬಂದವರ ಗಡ್ಡೆಗಳೂ ನನ್ನ ಮೇಜಿಗೆ ಬರುತ್ತವೆ. ಆಗ ಅಂಚು ಯಾವುದು, ಹಳೆಯ ಗಾಯದ ಕಲೆ ಯಾವುದು, ಕ್ಯಾನ್ಸರ್ ಯಾವುದು ಅಂತ ಬಿಡಿಸುವುದೇ ದುಸ್ತರ. ಎರಡನೇ ಆಪರೇಷನ್ನಿಗೆ ಮೊದಲನೆಯದರ ಅವಕಾಶ ಮರಳಿ ಸಿಗುವುದಿಲ್ಲ.

ರೇಡಿಯೇಷನ್ ಕೊಟ್ಟರೆ? ಇದನ್ನು ಸರಿಯಾಗಿ ಪರೀಕ್ಷಿಸಿ ನೋಡಿದ್ದಾರೆ. ಸ್ಟ್ರಾಸ್ ಎಂಬ ಅಧ್ಯಯನದ ಫಲಿತಾಂಶ 2020ರಲ್ಲಿ ಬಂತು. 266 ರೋಗಿಗಳಲ್ಲಿ ಅರ್ಧ ಜನರಿಗೆ ನೇರ ಆಪರೇಷನ್, ಇನ್ನರ್ಧಕ್ಕೆ ಮೊದಲು ರೇಡಿಯೇಷನ್, ನಂತರ ಆಪರೇಷನ್. ಮೂರು ವರ್ಷದ ನಂತರ ಹೊಟ್ಟೆಯಲ್ಲಿ ಕಾಯಿಲೆ ಮರಳದೆ ಇದ್ದವರು ರೇಡಿಯೇಷನ್ ಪಡೆದ ಗುಂಪಿನಲ್ಲಿ ಶೇಕಡಾ 60.4, ಪಡೆಯದ ಗುಂಪಿನಲ್ಲಿ 58.7. ಹೇಳಿಕೊಳ್ಳುವಂಥ ವ್ಯತ್ಯಾಸವಿಲ್ಲ. ಲೈಪೋಸಾರ್ಕೋಮಾ ಇದ್ದವರಿಗೆ ಸ್ವಲ್ಪ ಉಪಯೋಗ ಇರಬಹುದೇನೋ ಎಂಬ ಸೂಚನೆ ಸಿಕ್ಕಿತು, ಹಾಗಾಗಿ ಚರ್ಚೆ ಮುಗಿದಿಲ್ಲ. ಆದರೆ ಎಲ್ಲರಿಗೂ ರೇಡಿಯೇಷನ್ ಬೇಕು ಅನ್ನುವ ಮಾತು ನಿಂತುಹೋಯಿತು.

ಔಷಧಿಗಳ ವಿಷಯ ಚಿಕ್ಕದಾಗಿ ಹೇಳಿಬಿಡುತ್ತೇನೆ. ಹರಡಿದಾಗ, ಅಥವಾ ತೆಗೆಯಲಾಗದಾಗ ಅವು ಬೇಕು. ಡಾಕ್ಸೋರುಬಿಸಿನ್ ಹಳೆಯದು. ಇಟಲಿಯ ಮಣ್ಣಿನಲ್ಲಿ ಸಿಕ್ಕ ಸೂಕ್ಷ್ಮಾಣುವಿನಿಂದ ಬಂದದ್ದು. ಟ್ರಾಬೆಕ್ಟೆಡಿನ್ ಕೆರಿಬಿಯನ್ ಸಮುದ್ರದ ಒಂದು ಪುಟ್ಟ ಜೀವಿಯಿಂದ, ಎರಿಬುಲಿನ್‌ನ ಮೂಲ ಜಪಾನಿನ ಸಮುದ್ರದ ಸ್ಪಂಜಿನಲ್ಲಿ. ಈ ಸಮುದ್ರದ ಕಥೆ ನನಗೆ ಯಾವತ್ತೂ ಬೆರಗಿನದು, ಅದನ್ನು ಇನ್ನೊಮ್ಮೆ ಬಿಡಿಸಿ ಹೇಳುತ್ತೇನೆ. ಲೈಪೋಸಾರ್ಕೋಮಾ ಮುಂದುವರಿದವರಲ್ಲಿ ಎರಿಬುಲಿನ್ ಸರಾಸರಿ ಆಯುಷ್ಯವನ್ನು 8.4 ತಿಂಗಳಿಂದ 15.6 ತಿಂಗಳಿಗೆ ಏರಿಸಿದ್ದರಿಂದ 2016ರಲ್ಲಿ ಅಮೆರಿಕದಲ್ಲಿ ಅದಕ್ಕೆ ಒಪ್ಪಿಗೆ ಸಿಕ್ಕಿತು. ಎಂಡಿಎಂ2ವನ್ನೇ ಗುರಿಯಾಗಿಸಿ ಮಾಡಿದ ಮಿಲಾಡೆಮೆಟಾನ್ ಮಾತ್ರೆಯ ಮೇಲೆ ನಮಗೆಲ್ಲ ಬಹಳ ಆಸೆಯಿತ್ತು. 2023ರಲ್ಲಿ ಅದು ಟ್ರಾಬೆಕ್ಟೆಡಿನ್‌ಗಿಂತ ಮೇಲು ಅಂತ ಸಾಬೀತಾಗಲಿಲ್ಲ. ಹುಡುಕಾಟ ನಡೆದಿದೆ.

ಆಪರೇಷನ್ ಚೆನ್ನಾಗಿ ಆದವರೂ ಸ್ಕ್ಯಾನ್ ಬಿಡುವ ಹಾಗಿಲ್ಲ. ಐದು ವರ್ಷ ಕಳೆದರೆ ಗೆದ್ದಂತೆ ಅಂತ ಬೇರೆ ಕ್ಯಾನ್ಸರ್‌ಗಳಲ್ಲಿ ಹೇಳುತ್ತೇವಲ್ಲ, ಆ ಮಾತು ಇಲ್ಲಿ ಹೊಂದುವುದಿಲ್ಲ. ಹತ್ತು ವರ್ಷದ ನಂತರವೂ ಇದು ಮರಳಿದ್ದಿದೆ. ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ, ಆಮೇಲೆ ವರ್ಷಕ್ಕೊಮ್ಮೆ, ಬಹಳ ಕಾಲ ನೋಡುತ್ತಿರಬೇಕು.

ಕೊನೆಗೆ, ನನ್ನ ವಿಭಾಗಕ್ಕೆ ಸಂಬಂಧಿಸಿದ ಒಂದು ವಿಷಯ. ದೊಡ್ಡ ಆಸ್ಪತ್ರೆಗೆ ಹೋಗುವಾಗ ಜನ ಒಂದು ಹಾಳೆಯ ವರದಿ ಹಿಡಿದುಕೊಂಡು ಬರುತ್ತಾರೆ. ಅಷ್ಟು ಸಾಲದು. ಸಿಟಿ ಸ್ಕ್ಯಾನಿನ ಸಿಡಿ ತನ್ನಿ, ಫಿಲ್ಮ್ ಮಾತ್ರ ಅಲ್ಲ. ಬಯಾಪ್ಸಿ ಅಥವಾ ಆಪರೇಷನ್ ಎಲ್ಲಿ ಆಯಿತೋ ಆ ಲ್ಯಾಬಿನಿಂದ ಗಾಜಿನ ಸ್ಲೈಡುಗಳನ್ನೂ ಪ್ಯಾರಾಫಿನ್ ಬ್ಲಾಕ್‌ಗಳನ್ನೂ ಕೇಳಿ ಪಡೆಯಿರಿ. ಬ್ಲಾಕ್ ಅಂದರೆ ನಿಮ್ಮ ಗಡ್ಡೆಯ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುವ ಸಣ್ಣ ಚೌಕ. ಎಂಡಿಎಂ2 ಪರೀಕ್ಷೆ ಮಾಡುವುದು ಅದರಿಂದಲೇ. ಬ್ಲಾಕ್ ಇಲ್ಲದೆ ಬಂದರೆ ಮತ್ತೆ ಸೂಜಿ ಹಾಕಬೇಕಾಗುತ್ತದೆ, ಇಲ್ಲವೇ ಊರಿಗೆ ಇನ್ನೊಂದು ಸಲ ಓಡಬೇಕಾಗುತ್ತದೆ. ಕೇಳಲು ಸಂಕೋಚ ಬೇಡ. ಸಹಿ ಮಾಡಿಸಿಕೊಂಡು ಕೊಡುತ್ತಾರೆ, ಪರೀಕ್ಷೆ ಮುಗಿದ ಮೇಲೆ ಹಿಂದಿರುಗಿಸಬಹುದು. ಬಿಸಿಲಿಗೆ ಮೇಣ ಕರಗುತ್ತದೆ, ಆದ್ದರಿಂದ ಬಸ್ಸಿನಲ್ಲಿ ಕಿಟಕಿ ಪಕ್ಕ ಇಡದೆ ಬಟ್ಟೆಯ ನಡುವೆ ಸುತ್ತಿ ತನ್ನಿ.